ಚಳಿಗೆ, ಬಿಸಿಲಿಗೆ ಶ್ರುತಿ ಬಿಡುವ ಸಿಂಥಸೈಜರ್ ಮತ್ತೆ ವೇದಿಕೆ ಹತ್ತಿದ್ದು ಯಾಕೆ?

ಒಂದು ಲ್ಯಾಪ್‌ಟಾಪ್‌ನಲ್ಲೇ ಇಡೀ ಕಾರ್ಯಕ್ರಮ ಮುಗಿಸಬಹುದಾದ ಕಾಲ ಇದು. ಆದರೂ ಟೆಕ್ನೋ, ಅಂದರೆ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಫೆಸ್ಟಿವಲ್‌ಗಳಿಗೆ ಕೆಲವರು ಬಣ್ಣಬಣ್ಣದ ವೈರು ಜೋತಾಡುವ ಅನಲಾಗ್ ಸಿಂಥಸೈಜರ್ (ಕಂಪ್ಯೂಟರ್ ಲೆಕ್ಕವಿಲ್ಲದೆ ವಿದ್ಯುತ್ ಸರ್ಕಿಟ್‌ನಿಂದಲೇ ನಾದ ಹುಟ್ಟಿಸುವ ವಾದ್ಯ) ಹೊತ್ತು ತರುತ್ತಾರೆ. ಅದರ ನಾದ ತುಂಬಿಕೊಂಡಿರುತ್ತೆ, ಅದಕ್ಕೇ ಅಂತಾರೆ. ನಾನು ಇದನ್ನು ಅಷ್ಟಾಗಿ ನಂಬಲ್ಲ. ಸಾವಿರಾರು ಜನ ಕುಣಿಯುವ ಬಯಲಿನಲ್ಲಿ, ಆಳೆತ್ತರದ ಸ್ಪೀಕರ್ ಮುಂದೆ ನಿಂತು, ಇದು ಅನಲಾಗ್, ಇದು ಸಾಫ್ಟ್‌ವೇರ್ ಅಂತ ಬೇರ್ಪಡಿಸುವವರು ಎಷ್ಟು ಜನ ಸಿಕ್ಕಾರು? ನಿಜವಾದ ಕಾರಣಕ್ಕೆ 1969ರಿಂದ ಶುರು ಮಾಡಬೇಕು.

ಅಮೆರಿಕದ ಇಂಜಿನಿಯರ್ ರಾಬರ್ಟ್ ಮೂಗ್ ತನ್ನ ಮೊದಲ ಸಿಂಥಸೈಜರ್‌ಗಳನ್ನು ಮಾಡಿದ್ದು 1964ರಲ್ಲಿ. ಅವು ಸ್ಟುಡಿಯೋ ಯಂತ್ರಗಳು. ಒಂದು ನಾದ ಬೇಕಂದರೆ ಹತ್ತಾರು ವೈರು ಸಿಕ್ಕಿಸಬೇಕು, ಗುಂಡಿ ತಿರುಗಿಸಬೇಕು, ಇನ್ನೊಂದು ನಾದ ಬೇಕಂದರೆ ಎಲ್ಲ ಕಿತ್ತು ಮತ್ತೆ ಶುರು. ಕೇಳುಗರು ಅಲ್ಲಿವರೆಗೆ ಕಾಯ್ತಾರಾ? 1969ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನ ತೋಟದಲ್ಲಿ ಮೂಗ್ ನಾಲ್ಕು ಯಂತ್ರಗಳನ್ನು ವೇದಿಕೆಗೆ ತಂದ. ಮೊದಲೇ ಸಿದ್ಧ ಮಾಡಿಟ್ಟ ನಾದಗಳಿಗೆ ಬೇಗ ಬದಲಾಯಿಸಿಕೊಳ್ಳಲು ಪುಟ್ಟ ಪ್ರೀಸೆಟ್ ಡಬ್ಬಿಗಳನ್ನೂ ಕಟ್ಟಿಕೊಟ್ಟಿದ್ದ. ಕೊನೆಗೆ ಪವರ್ ಹೋಗಿ ಕಛೇರಿ ಅಲ್ಲಿಗೇ ನಿಂತಿತು!

ಮರುವರ್ಷ ಇಂಗ್ಲೆಂಡಿನ ಐಲ್ ಆಫ್ ವೈಟ್ ಫೆಸ್ಟಿವಲ್. ಎಮರ್ಸನ್, ಲೇಕ್ ಅಂಡ್ ಪಾಮರ್ ಅನ್ನೋ ರಾಕ್ ತಂಡದ ಕೀತ್ ಎಮರ್ಸನ್ ಲಕ್ಷಗಟ್ಟಲೆ ಜನರ ಮುಂದೆ ದೊಡ್ಡ ಮೂಗ್ ಸಿಂಥಸೈಜರ್ ನುಡಿಸಿದ. ಆ ತಂಡ ಅವತ್ತು ವೇದಿಕೆಯಲ್ಲಿ ಫಿರಂಗಿಯನ್ನೂ ಹಾರಿಸಿತು, ಅದು ಬೇರೆ ಕಥೆ. ಎಮರ್ಸನ್‌ಗೆ ಫಿರಂಗಿಗಿಂತ ದೊಡ್ಡ ತಲೆನೋವು ಶ್ರುತಿ.

ಯಾಕೆ ಅಂತೀರಾ? ಈ ಯಂತ್ರಗಳಲ್ಲಿ ಸ್ವರ ಅಂದರೆ ವೋಲ್ಟೇಜ್. ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಸ್ಥಾಯಿಯಲ್ಲಿ 12 ಸ್ವರಸ್ಥಾನ, ಅಲ್ವಾ? ಹಾಗಾಗಿ ಒಂದಕ್ಕೂ ಪಕ್ಕದ್ದಕ್ಕೂ ನಡುವೆ ಸುಮಾರು 83 ಮಿಲಿವೋಲ್ಟ್ ಮಾತ್ರ. ಈ ವೋಲ್ಟೇಜನ್ನು ಸ್ವರವಾಗಿ ಬದಲಿಸುವ ಟ್ರಾನ್ಸಿಸ್ಟರ್ ಶಾಖಕ್ಕೆ ಬೇಗ ಅಲುಗಾಡುತ್ತದೆ. ತಾಪಮಾನ ಒಂದು ಡಿಗ್ರಿ ಬದಲಾದರೆ ಅದರ ಲೆಕ್ಕ ಶೇ 0.3ರಷ್ಟು ತಪ್ಪುತ್ತದೆ. ಸಣ್ಣದು ಅನ್ನಿಸಬಹುದು. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಶ್ರುತಿ ಸೇರಿಸಿಟ್ಟು, ರಾತ್ರಿ ಹತ್ತು ಡಿಗ್ರಿ ಇಳಿದ ಮೇಲೆ ಮೂರು ಸ್ಥಾಯಿ ಮೇಲಿನ ಸ್ವರ ನುಡಿಸಿದರೆ, ಪಕ್ಕದ ಸ್ವರಸ್ಥಾನವನ್ನೂ ದಾಟಿ ಹೋಗಿರುತ್ತದೆ. ಇದನ್ನು ಸರಿದೂಗಿಸಲು ವಿಶೇಷ ರೆಸಿಸ್ಟರ್ ಹಾಕಿದರು. ಕಾಟ ಕಡಿಮೆಯಾಯಿತು, ಹೋಗಲಿಲ್ಲ. ಎಮರ್ಸನ್ ಆಮೇಲೆ ತನ್ನ ಮೂಗ್‌ಗೆ ಫ್ರೀಕ್ವೆನ್ಸಿ ತೋರಿಸುವ ಮೀಟರನ್ನೇ ಕೂರಿಸಿಕೊಂಡ. ಗದ್ದಲದಲ್ಲಿ ಕಿವಿಗಿಂತ ಅದೇ ವಾಸಿ.

ಈ ಎರಡು ಕಾಟಗಳಿಗೆ, ಅಂದರೆ ಶ್ರುತಿ ಜಾರುವುದಕ್ಕೆ ಮತ್ತು ಯಂತ್ರಕ್ಕೆ ನಾದ ನೆನಪಿರದೆ ಇರುವುದಕ್ಕೆ, ಒಟ್ಟಿಗೇ ಮದ್ದು ಸಿಕ್ಕಿದ್ದು 1978ರಲ್ಲಿ. ಡೇವ್ ಸ್ಮಿತ್ ತಂದ ಪ್ರಾಫೆಟ್-5 ಸಿಂಥಸೈಜರ್‌ನಲ್ಲಿ ಮೈಕ್ರೋಪ್ರೊಸೆಸರ್ ಇತ್ತು. 40 ನಾದಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು, ಒಂದು ಗುಂಡಿ ಒತ್ತಿದರೆ ತಾನೇ ಶ್ರುತಿ ಸೇರಿಸಿಕೊಳ್ಳುತ್ತಿತ್ತು. 1983ರಲ್ಲಿ ಮಿಡಿ ಅನ್ನೋ ಸಂಪರ್ಕ ಪದ್ಧತಿ ಬಂತು, ಬೇರೆಬೇರೆ ಕಂಪನಿಗಳ ಯಂತ್ರಗಳು ಒಂದು ಕೇಬಲ್‌ನಲ್ಲಿ ಮಾತಾಡತೊಡಗಿದವು. ಅದೇ ವರ್ಷ ಯಮಾಹಾದ ಡಿಎಕ್ಸ್7, ಪೂರ್ತಿ ಡಿಜಿಟಲ್. ಶ್ರುತಿ ಬಿಡುವ ಮಾತೇ ಇಲ್ಲ. ಹಳೇ ಅನಲಾಗ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಧೂಳು ತಿನ್ನತೊಡಗಿದವು.

ಷಿಕಾಗೋದ ಹುಡುಗರಿಗೆ ಇದರಿಂದ ಲಾಭವೇ ಆಯಿತು. ರೋಲ್ಯಾಂಡ್‌ನ ಟಿಬಿ-303 ಅನ್ನೋ ಬೇಸ್ ಪೆಟ್ಟಿಗೆ ಮಾರುಕಟ್ಟೆಯಲ್ಲಿ ಸೋತಿತ್ತು, ಅಗ್ಗಕ್ಕೆ ಸಿಗುತ್ತಿತ್ತು. ಅದರ ಗುಂಡಿಗಳನ್ನು ಎರ್ರಾಬಿರ್ರಿ ತಿರುಗಿಸಿ ಅವರು ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತ ಹುಟ್ಟಿಸಿದರು. ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಇದೇ 303, ಟಿಆರ್-808 ಡ್ರಮ್ ಯಂತ್ರ ಮತ್ತು ಜುಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗಗಳ ರೆಕಾರ್ಡ್ ಮಾಡಿದ್ದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಅದು ಮರುಮುದ್ರಣವಾದ ಮೇಲೆ, 70 ದಾಟಿದ ಅಜ್ಜ ಯೂರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿದರು.

2001ರಲ್ಲಿ ಏಬಲ್‌ಟನ್ ಲೈವ್ ಅನ್ನೋ ಸಂಗೀತದ ಸಾಫ್ಟ್‌ವೇರ್ ಬಂತು. ಎಲ್ಲವೂ ಲ್ಯಾಪ್‌ಟಾಪ್ ಒಳಗೆ, ತಪ್ಪು ಆಗೋದೇ ಇಲ್ಲ. ತಕರಾರು ಹುಟ್ಟಿದ್ದೂ ಇಲ್ಲೇ. ವೇದಿಕೆ ಮೇಲಿರೋನು ನುಡಿಸ್ತಾ ಇದ್ದಾನಾ, ಇಲ್ಲ ಸುಮ್ನೆ ಇಮೇಲ್ ನೋಡ್ತಾ ಇದ್ದಾನಾ ಅಂತ ಜನ ಆಡಿಕೊಂಡರು. 2012ರಲ್ಲಿ ಡೆಡ್‌ಮೌಸ್ ಅನ್ನೋ ಹೆಸರಾಂತ ಕಲಾವಿದನೇ, ನಾವೆಲ್ಲ ಪ್ಲೇ ಗುಂಡಿ ಒತ್ತುವವರು ಅಂತ ಬರೆದುಬಿಟ್ಟ.

ಅಷ್ಟರಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ನಡುವಿನಲ್ಲಿ ಶುರು ಮಾಡಿದ್ದ ಯೂರೋರ‍್ಯಾಕ್ ಅನ್ನೋ ಚಿಕ್ಕ ಅಳತೆಯ ಮಾಡ್ಯುಲರ್ (ಬೇಕಾದ ತುಂಡುಗಳನ್ನು ಜೋಡಿಸಿಕೊಳ್ಳುವ) ಸಿಂಥಸೈಜರ್ ಬೆಳೆದುಕೊಂಡಿತ್ತು. ಎಮರ್ಸನ್‌ನ ಬೀರು ಗಾತ್ರದ ಯಂತ್ರ ಮಾಡುತ್ತಿದ್ದ ಕೆಲಸ ಸೂಟ್‌ಕೇಸಿನಲ್ಲಿ ಹಿಡಿಯಿತು. 2013ರಲ್ಲಿ ಕೋರ್ಗ್ ಕಂಪನಿ ಕೈಗೆಟಕುವ ಬೆಲೆಗೆ ವೋಲ್ಕಾ ಅನ್ನೋ ಪುಟ್ಟ ಅನಲಾಗ್‌ಗಳನ್ನು ಬಿಟ್ಟಿತು. ವೈರು ಕಾಣುತ್ತೆ, ಕೈ ಓಡಾಡೋದು ಕಾಣುತ್ತೆ, ಕೆಟ್ಟರೆ ಕೆಟ್ಟಿದ್ದೂ ಕೇಳುತ್ತೆ. ಯಂತ್ರದಿಂದ ತೆಗೆದುಹಾಕಲು ಮೂವತ್ತು ವರ್ಷ ಒದ್ದಾಡಿದ ದೋಷವೇ ಈಗ ಟಿಕೆಟ್ ಕೊಂಡವರಿಗೆ ಬೇಕಾಗಿತ್ತು.

ಇದರಲ್ಲಿ ಸ್ವಲ್ಪ ನಾಟಕವೂ ಇದೆ, ಮುಚ್ಚಿಡೋದು ಬೇಡ. 1970ರ ದಶಕದಲ್ಲೇ ಬುಕ್ಲಾ ಸಿಂಥಸೈಜರ್ ಜೊತೆ ಕಛೇರಿ ಕೊಟ್ಟಿದ್ದ ಅಮೆರಿಕದ ಸಂಗೀತಗಾರ್ತಿ ಸುಝಾನ್ ಚಿಯಾನಿ ಎಪ್ಪತ್ತರ ಹೊಸ್ತಿಲಲ್ಲಿ ಮತ್ತೆ ಅದೇ ಹೆಸರಿನ ಯಂತ್ರಕ್ಕೆ ಬಂದರು. ಅವರ ಈಗಿನ ಬುಕ್ಲಾ 200ಇ ಒಳಗೆ ಡಿಜಿಟಲ್ ನೆನಪು ಇದೆ. ಅದರಿಂದ ಅವರ ಕೈಚಳಕವೇನೂ ಕಮ್ಮಿಯಾಗಲ್ಲ. ಟೆಕ್ನೋದವರಿಗೆ ಇನ್ನೊಂದು ಅನುಕೂಲ. ಎಮರ್ಸನ್ ಪಕ್ಕದಲ್ಲಿ ಆರ್ಗನ್, ಬೇಸ್ ಗಿಟಾರ್ ಇದ್ದವು, ಅವಕ್ಕೆ ಶ್ರುತಿ ಸೇರಲೇಬೇಕಿತ್ತು. ಒಬ್ಬನೇ ನಿಂತು ಡ್ರಮ್ಮಿನ ಏಟು, ಗುಡುಗುವ ಬೇಸ್ ಇಷ್ಟನ್ನೇ ನುಡಿಸುವವನಿಗೆ ಸ್ವರ ಸ್ವಲ್ಪ ಜಾರಿದರೆ ಏನೂ ಆಗಲ್ಲ, ಕೆಲವು ಸಲ ಅದೇ ಚೆನ್ನಾಗಿರುತ್ತೆ. ತಾಳ ಮಾತ್ರ ಜಾರುವಂತಿಲ್ಲ, ಕುಣಿಯುವವರು ನಿಂತುಬಿಡ್ತಾರೆ. ಅದಕ್ಕೇ ಆ ವೈರುಗಳ ಕಾಡಿನ ನಡುವೆ, ಎಲ್ಲಕ್ಕೂ ಲಯ ಹಂಚುವ ಕ್ಲಾಕ್ ಸಾಮಾನ್ಯವಾಗಿ ಡಿಜಿಟಲ್ ಆಗಿರುತ್ತದೆ.