ನೀರು ಕೇಳುವ ಟ್ರಸ್ಟ್, ಓಟು ಕೇಳುವ ಪಕ್ಷ

ಸಿಂಧನೂರು, ಮಾನ್ವಿ ಕಡೆಯ ರೈತರ ಟ್ರಸ್ಟ್‌ಗಳ ಲೆಕ್ಕ ನೋಡುವಾಗ ನಾನು ಮೊದಲು ತೆಗೆಯುವುದು ಜೀಪ್ ಬಾಡಿಗೆಯ ವೋಚರ್. ‘ಸಭೆಗೆ ಹೋಗಿ ಬಂದದ್ದು’ ಅಂತ ಒಂದೇ ಸಾಲು ಇರುತ್ತದೆ. ಯಾವ ಸಭೆ, ಯಾರು ಕರೆದದ್ದು? ತಕರಾರು ಇಲ್ಲಿಂದಲೇ ಶುರು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಿಡಿ ಎಂದು ಕೇಳಲು ಹೋಗಿದ್ದರೆ ಹೆದರಬೇಕಿಲ್ಲ. ಸರ್ಕಾರವನ್ನು ಕೇಳುವುದೆಲ್ಲ ರಾಜಕೀಯ, ತೆರಿಗೆ ವಿನಾಯಿತಿ ಹೋಗುತ್ತದೆ ಎಂದು ಸುಮ್ನೆ ಹೆದರಿಸುವವರು ಜಾಸ್ತಿ. ಆಂಧ್ರ ಚೇಂಬರ್ ಆಫ್ ಕಾಮರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದೆ. ಮುಖ್ಯ ಉದ್ದೇಶ ಸಾರ್ವಜನಿಕರ ಒಳಿತಾಗಿದ್ದರೆ, ಅದಕ್ಕೆ ಪೂರಕವಾಗಿ ಒಂದು ಕಾನೂನು ಬೇಕು ಅಥವಾ ಬೇಡ ಎಂದು ಒತ್ತಾಯಿಸಿದರೂ ವಿನಾಯಿತಿ ಉಳಿಯುತ್ತದೆ.

ಅದೇ ಜೀಪ್ ಅಧ್ಯಕ್ಷರ ಚುನಾವಣಾ ಪ್ರಚಾರಕ್ಕೆ ಓಡಿದ್ದರೆ? ಕತೆಯೇ ಬೇರೆ. ಅಧ್ಯಕ್ಷರು ಚುನಾವಣೆಗೆ ನಿಲ್ಲಲಿ, ಅದು ಅವರ ಹಕ್ಕು. ಆದರೆ ಟ್ರಸ್ಟ್ ದುಡ್ಡು ಟ್ರಸ್ಟಿಯ ಲಾಭಕ್ಕೆ ಹೋದರೆ ವಿನಾಯಿತಿ ಕಸಿಯುವ 13(1)(ಸಿ) ಸೆಕ್ಷನ್ ಬಂದು ಕೂರುತ್ತದೆ. (1961ರ ಆದಾಯ ತೆರಿಗೆ ಕಾಯ್ದೆಯ ಹಳೆಯ ನಂಬರನ್ನೇ ಹೇಳುತ್ತಿದ್ದೇನೆ, ನಮ್ಮ ಬಾಯಿಗೆ ಬರುವುದು ಅದೇ.) ಅದಕ್ಕೇ ವೋಚರ್ ಮೇಲೆ ತಾರೀಖು, ಊರು, ಸಭೆಯ ವಿಷಯ ಬರೆಯಿರಿ. ಮನವಿ ಪತ್ರದ ನಕಲನ್ನೂ ಪಿನ್ ಮಾಡಿ ಇಡಿ.

ಇನ್ನು ಪಕ್ಷಗಳ ಮಾತು. ಓಟು ಕೇಳುವುದೇ ಅವುಗಳ ಕೆಲಸ, ಅಲ್ವಾ? ಆದರೂ ಅದೇ ಕಾಯ್ದೆಯ 13ಎ ಸೆಕ್ಷನ್ ಪ್ರಕಾರ ಪಕ್ಷಕ್ಕೆ ಬಂದ ದೇಣಿಗೆಗೆ ತೆರಿಗೆ ಇಲ್ಲ. ಲೆಕ್ಕ ಆಡಿಟ್ ಆಗಿರಬೇಕು, 2,000 ರೂಪಾಯಿಗಿಂತ ಹೆಚ್ಚು ದೇಣಿಗೆಯನ್ನು ನಗದಾಗಿ ಪಡೆಯಬಾರದು, ರಿಟರ್ನ್ ಹಾಕಬೇಕು, ಇಂಥ ಕೆಲವು ಷರತ್ತುಗಳಿವೆ, ಅಷ್ಟೇ. ಕೊಡುವವರಿಗೂ ಅಲ್ಲೇ ಲಾಭ. ಹಳೆಯ ತೆರಿಗೆ ಪದ್ಧತಿಯಲ್ಲಿ ನೀವು ಬ್ಯಾಂಕ್ ಮೂಲಕ 10,000 ರೂಪಾಯಿಯನ್ನು ಪಕ್ಷಕ್ಕೆ ಕೊಟ್ಟರೆ ಅಷ್ಟೂ ನಿಮ್ಮ ಆದಾಯದಿಂದ ಕಳೆಯುತ್ತದೆ. 80ಜಿ (ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ) ಇರುವ ಸಾಮಾನ್ಯ ಟ್ರಸ್ಟ್‌ಗೆ ಕೊಟ್ಟರೆ ಅರ್ಧ, ಅಂದರೆ 5,000 ಮಾತ್ರ.

ಇದು ನನಗೆ ಒಪ್ಪಿಗೆಯಿಲ್ಲ. ಆರು ವರ್ಷ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು ಚುನಾವಣಾ ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆಯಿತು. ಪಟ್ಟಿಯಲ್ಲಿದ್ದಷ್ಟು ದಿನ ಅವಕ್ಕೂ 13ಎ ಬಾಗಿಲು ತೆರೆದೇ ಇತ್ತು. ಕಾಲುವೆ ನೀರು ಕೇಳಿದವರ ಒಂದೊಂದು ವೋಚರ್ ಕೆದಕುವ ನಾವು, ಓಟನ್ನೇ ಕೇಳದ ಪಕ್ಷಕ್ಕೆ ವಿನಾಯಿತಿ ಏಕೆ ಎಂದೂ ಕೇಳಬೇಕು. ಸತತ ಎರಡು ಚುನಾವಣೆಗೆ ನಿಲ್ಲದಿದ್ದರೆ 13ಎ ತಾನಾಗಿ ರದ್ದಾಗಲಿ ಎನ್ನುವುದು ನನ್ನ ವಾದ.