ಉನ್ನತ ಕೋನ, ಅವನತ ಕೋನ: ಮರ ಹತ್ತದೆ ಎತ್ತರ ಅಳೆಯುವ ಲೆಕ್ಕ

ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಮುಗಿಯುತ್ತಿದ್ದಂತೆ ಅದರ ಅನ್ವಯಗಳ ಪಾಠ ಬರುತ್ತದೆ. ಗೋಪುರ, ಕಂಬ, ದೀಪಸ್ತಂಭ, ಹಡಗು. ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳು ದೀಪಸ್ತಂಭ ಎಲ್ಲಿ ನೋಡಬೇಕು? ಅಡಿಕೆ ಮರ ಇಟ್ಟುಕೊಳ್ಳೋಣ, ಲೆಕ್ಕ ಒಂದೇ.

ಕಣ್ಣಿನ ಮಟ್ಟದಲ್ಲಿ ಮುಂದಕ್ಕೆ ಒಂದು ಅಡ್ಡಗೆರೆ ಎಳೆದಿದೆ ಅಂದುಕೊಳ್ಳಿ. ಅದು ಕ್ಷಿತಿಜ ರೇಖೆ. ಕಣ್ಣಿನಿಂದ ವಸ್ತುವಿಗೆ ಹೋಗುವ ಗೆರೆ ದೃಷ್ಟಿ ರೇಖೆ. ತಲೆ ಎತ್ತಿ ನೋಡಿದಾಗ ಇವೆರಡರ ನಡುವೆ ಆಗುವುದು ಉನ್ನತ ಕೋನ. ತಗ್ಗಿಸಿ ನೋಡಿದಾಗ ಆಗುವುದು ಅವನತ ಕೋನ. ಎರಡನ್ನೂ ಅಳೆಯುವುದು ಆ ಅಡ್ಡಗೆರೆಯಿಂದಲೇ. ಕಂಬದಿಂದ ಅಲ್ಲ.

ಅವನತ ಕೋನದಲ್ಲಿ ಎಡವುವವರು ಜಾಸ್ತಿ. ಜೋಗ ಜಲಪಾತದಲ್ಲಿ ರಾಜಾ ಎಂಬ ಧಾರೆ 253 ಮೀಟರ್ ಎತ್ತರದಿಂದ ಬೀಳುತ್ತದೆ. ಸುಮ್ನೆ ಲೆಕ್ಕಕ್ಕೆ ಅಂತ, ಅದರ ನೆತ್ತಿಯ ಮಟ್ಟದಲ್ಲೇ ಎದುರುಗಡೆ ನಿಂತು ಬುಡ ನೋಡಿದಾಗ ಅವನತ ಕೋನ 30° ಇದೆ ಅನ್ನಿ. ಅಡ್ಡ ದೂರ 253 × √3, ಅಂದರೆ ಸುಮಾರು 438 ಮೀಟರ್. ಅದೇ 30° ಅನ್ನು ಲಂಬ ಗೆರೆಯ ಪಕ್ಕ ಬರೆದುಬಿಟ್ಟರೆ 146 ಮೀಟರ್ ಬರುತ್ತದೆ! ಗುಣಾಕಾರ ಭಾಗಾಕಾರ ಎಲ್ಲ ಸರಿ, ಚಿತ್ರ ತಪ್ಪು. ಅನುಮಾನ ಬಂದರೆ ಕೋನವನ್ನು ಬುಡದಲ್ಲಿ, ನೆಲದ ಗೆರೆಯ ಮೇಲೆ ಬರೆಯಿರಿ. ಪರ್ಯಾಯ ಕೋನ ಅಲ್ವಾ, ಅಳತೆ ಅಷ್ಟೇ ಇರುತ್ತದೆ.

ಈಗ ತೋಟಕ್ಕೆ ಇಳಿಯೋಣ. ಅಥವಾ ಇಳಿಯದೆ ದರೆಯ, ಅಂದರೆ ತೋಟದ ಪಕ್ಕದ ಎತ್ತರದ ದಿಬ್ಬದ, ಮೇಲೇ ನಿಲ್ಲೋಣ. ಪುಸ್ತಕದ ನೆಲ ಸಪಾಟು, ಮಲೆನಾಡಿನದು ಹಾಗಲ್ಲ. ಇಲ್ಲಿಂದ ಮರದ ಬುಡ ಕೆಳಗೆ ಕಾಣುತ್ತದೆ, ಅಡಿಕೆ ಕೊನೆ (ಕಾಯಿಗಳ ಗೊಂಚಲು) ಮೇಲೆ. ಹಾಗಾಗಿ ಎರಡೂ ಕೋನ ಬೇಕು. ನಮ್ಮ ಕಣ್ಣು ಬುಡಕ್ಕಿಂತ 6 ಮೀಟರ್ ಮೇಲಿದೆ, ಬುಡದ ಅವನತ ಕೋನ 45°, ಕೊನೆಯ ಉನ್ನತ ಕೋನ 30° ಎಂದಿರಲಿ.

ಮೊದಲು ಚಿತ್ರ. ಕಣ್ಣಿನಿಂದ ಮರಕ್ಕೆ ಅಡ್ಡಗೆರೆ ಎಳೆದರೆ ಮೇಲೊಂದು, ಕೆಳಗೊಂದು ಲಂಬಕೋನ ತ್ರಿಭುಜ ಸಿಗುತ್ತದೆ. ಆ ಅಡ್ಡಗೆರೆ ಎರಡಕ್ಕೂ ಸೇರಿದ್ದು. ಲೆಕ್ಕ ಬಿಡಿಸುವ ಕೀಲಿ ಅದೇ.

ಕೆಳಗಿನದರಿಂದ ಶುರು ಮಾಡಿ, ಅಲ್ಲಿ ಒಂದು ಬಾಹು ಗೊತ್ತಿದೆ. ಟ್ಯಾನ್ ಅಂದರೆ ಅಭಿಮುಖ ಬಾಹು ಭಾಗಿಸು ಪಾರ್ಶ್ವ ಬಾಹು.

ಟ್ಯಾನ್ 45° = 6 ÷ ದೂರ
1 = 6 ÷ ದೂರ, ಆದ್ದರಿಂದ ದೂರ = 6 ಮೀಟರ್

ಈ ದೂರವನ್ನು ಮೇಲಿನ ತ್ರಿಭುಜಕ್ಕೆ ಒಯ್ಯಿರಿ.

ಟ್ಯಾನ್ 30° = ಮೇಲಿನ ಭಾಗ ÷ 6
1/√3 = ಮೇಲಿನ ಭಾಗ ÷ 6
ಮೇಲಿನ ಭಾಗ = 6/√3 = 2√3, ಸುಮಾರು 3.46 ಮೀಟರ್

ಕೆಳಗಿನ 6 ಕೂಡಿಸಿದರೆ 9.46 ಮೀಟರ್. ಕೊನೆ ಇರುವ ಎತ್ತರ ಇದು. 3.46ಕ್ಕೇ ನಿಲ್ಲಿಸಿ ಅಡಿಗೆರೆ ಎಳೆಯುವವರಿದ್ದಾರೆ, ಜೋಪಾನ. ಸಪಾಟು ನೆಲದ ಲೆಕ್ಕದಲ್ಲೂ ನೋಡುವವರ ಎತ್ತರ ಕೊಟ್ಟಿದ್ದರೆ ಹೀಗೇ ಕೂಡಿಸಬೇಕು.

ನಿಜವಾಗಿ ಅಳೆಯುವ ಆಸೆಯಿದ್ದರೆ ಜ್ಯಾಮಿತಿ ಡಬ್ಬಿಯ ಕೋನಮಾಪಕ ಸಾಕು. ಅದರ ನಡುಬಿಂದುವಿಗೆ ದಾರ ಕಟ್ಟಿ ಸಣ್ಣ ಕಲ್ಲು ತೂಗುಬಿಡಿ. ನೇರ ಅಂಚು ಮೇಲಿರಲಿ, ಅದರ ಗುಂಟ ಕೊನೆಯನ್ನು ನೋಡಿ. ಮಟ್ಟವಾಗಿ ಹಿಡಿದಾಗ ದಾರ 90ರ ಮೇಲಿರುತ್ತದೆ. ಅಲ್ಲಿಂದ ಎಷ್ಟು ಸರಿಯಿತೋ ಅಷ್ಟೇ ನಿಮ್ಮ ಕೋನ.

ಕೊಯ್ಲಿನ ದೋಟಿ (ಕೊನೆ ಕೀಳುವ ಉದ್ದನೆಯ ಕೋಲು) ಎಷ್ಟುದ್ದ ಬೇಕು ಅಂತ ತಿಳಿಯಲು ಅಳೆಯುವುದಾದರೆ ಮರದ ಸುಳಿ ನೋಡಬೇಡಿ, ಕೊನೆ ಅದಕ್ಕಿಂತ ಕೆಳಗಿರುತ್ತದೆ. ನಮ್ಮ ಮರದ 9.46 ಮೀಟರ್ ಅಂದರೆ ಸುಮಾರು 31 ಅಡಿ. ದೋಟಿಯ ಬುಡ ಕೈಯಲ್ಲಿರುತ್ತದೆ, ನೆಲದಲ್ಲಲ್ಲ. ಕೈಯ ಎತ್ತರ ಕಳೆದು ಲೆಕ್ಕ ಹಾಕಿ.