ಹಳೇ ಜೀಪು ಕೊಳ್ಳುವ ಮುಂಚೆ ಸುತ್ತು ಎಣಿಸಿ: ಹಿಂದಿನ-ಮುಂದಿನ ಹೌಸಿಂಗ್ ಹೊಂದಾಣಿಕೆಯ ಟಿಪ್ಪಣಿ

ಚಿತ್ರದುರ್ಗ, ದಾವಣಗೆರೆ ಕಡೆ ಹಳೇ ಜೀಪು ನೋಡಲು ಹೋದವರು ಮೊದಲು ಬಣ್ಣ, ಹುಡ್, ಟೈರು ನೋಡುತ್ತಾರೆ. ಅವೆಲ್ಲ ದುಡ್ಡು ಕೊಟ್ಟರೆ ಸರಿಹೋಗುವಂಥವು. ಮಾರುವವರು ಹೇಳದೆ ಉಳಿಸುವ ಸಂಗತಿ ಗಾಡಿಯ ಅಡಿಯಲ್ಲಿರುತ್ತದೆ: ಹಿಂದಿನ ಹೌಸಿಂಗಿನ (ಎಡ-ಬಲ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯ) ರೇಶಿಯೋ, ಅಂದರೆ ಚಕ್ರಗಳ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತಬೇಕೆಂಬ ಲೆಕ್ಕ, ಒಂದು; ಮುಂದಿನದು ಇನ್ನೊಂದು.

ಇದು ಆಗುವುದು ಹೀಗೆ. ಪೆಟ್ರೋಲಿನ ಸಿಜೆ-3ಬಿ ಮಾದರಿಯ ಜೀಪಿಗೆ ಯಾರೋ ಡೀಸೆಲ್ ಎಂಜಿನ್ ಕೂರಿಸುತ್ತಾರೆ. ಡೀಸೆಲ್ ಅಷ್ಟು ಮೇಲಕ್ಕೆ ಸುತ್ತುವುದಿಲ್ಲ, ಹೈವೇಯಲ್ಲಿ ಗಾಡಿ ತೆವಳುತ್ತದೆ. ಟೈರಿನ ಒಂದು ಸುತ್ತು 2.25 ಮೀಟರ್ ಎಂದಿಟ್ಟುಕೊಳ್ಳಿ. ಟಾಪ್ ಗೇರಿನಲ್ಲಿ 3000 ಆರ್‌ಪಿಎಂಗೆ 5.38 ರೇಶಿಯೋದಲ್ಲಿ ಸಿಗುವುದು ಗಂಟೆಗೆ ಸುಮಾರು 75 ಕಿ.ಮೀ., 4.88ರಲ್ಲಿ 83, 4.27ರಲ್ಲಿ 95. ಹಾಗಾಗಿ ಹಿಂದಿನ ಕ್ರೌನ್-ಪಿನಿಯನ್ (ಹೌಸಿಂಗಿನೊಳಗಿನ ದೊಡ್ಡ-ಸಣ್ಣ ಹಲ್ಲುಚಕ್ರದ ಜೋಡಿ) ಬದಲಿಸುತ್ತಾರೆ. ಖರ್ಚು ಉಳಿಸಲು ಮುಂದಿನದನ್ನು ಹಾಗೇ ಬಿಡುತ್ತಾರೆ. ಟು-ವೀಲಿನಲ್ಲಿ, ಅಂದರೆ ಹಿಂದಿನ ಚಕ್ರಗಳ ಬಲದಲ್ಲಷ್ಟೇ, ಓಡಿಸುವಷ್ಟು ದಿನ ಒಂದು ಸದ್ದೂ ಬರುವುದಿಲ್ಲ.

ವಿಲ್ಲಿಸ್ ವಂಶದ ಜೀಪುಗಳಲ್ಲಿ ಎದುರಾಗುವ ಹಲ್ಲಿನ ಲೆಕ್ಕ: 5.38 ಅಂದರೆ ಕ್ರೌನ್ 43, ಪಿನಿಯನ್ 8; 4.88 ಅಂದರೆ 39 ಮತ್ತು 8; 4.27 ಅಂದರೆ 47 ಮತ್ತು 11. ಮುಂದೆ 5.38, ಹಿಂದೆ 4.88 ಇದ್ದರೆ ಹಿಂದಿನ ಚಕ್ರ 10 ಮೀಟರ್ ಹೋಗುವಾಗ ಮುಂದಿನದು 9.07 ಮೀಟರ್ ಮಾತ್ರ ಹೋಗಲು ನೋಡುತ್ತದೆ. ಉಳಿದ 93 ಸೆಂ.ಮೀ. ಎಲ್ಲೋ ಜಾರಬೇಕು. ಸಡಿಲ ಮಣ್ಣಿನಲ್ಲಿ ಟೈರು ಜಾರುತ್ತದೆ. ಟಾರಿನ ಮೇಲೆ ಜಾರದೆ ಶಾಫ್ಟುಗಳು ಮುರುಚಿಕೊಳ್ಳುತ್ತವೆ, 4-ವೀಲ್ ಲಿವರ್ ಕಚ್ಚಿಕೊಳ್ಳುತ್ತದೆ, ಕೊನೆಗೆ ಪ್ರೊಪೆಲ್ಲರ್ ಶಾಫ್ಟಿನ (ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದ ದಂಡದ) ಕ್ರಾಸ್, ಅಂದರೆ ಕೀಲು, ಹೋಗುತ್ತದೆ.

ಎಣಿಸುವ ಕ್ರಮ

ಹೌಸಿಂಗ್ ಕವರಿನ ಬೋಲ್ಟಿಗೆ ಸಿಕ್ಕಿಸಿದ ಸಣ್ಣ ತಗಡಿನಲ್ಲಿ ರೇಶಿಯೋ ಬರೆದಿರುತ್ತದೆ. ಅದನ್ನು ನಂಬಬೇಡಿ. ಒಳಗಿನ ಹಲ್ಲು ಬದಲಿಸಿದವರು ತಗಡು ಬದಲಿಸುವುದಿಲ್ಲ.

ಮೊದಲು ಹಿಂದಿನದು. ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದೆ-ಹಿಂದೆ ಶಕ್ತಿ ಹಂಚುವ ಪೆಟ್ಟಿಗೆಯ) ಹಿಂಬದಿಯ ಡ್ರಮ್ಮಿನಲ್ಲಿರುತ್ತದೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಅದು ಗಾಡಿಯನ್ನು ಹಿಡಿಯುವುದಿಲ್ಲ: ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಒಂದು ಕಡೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗಿ ಗಾಡಿ ಉರುಳುತ್ತದೆ. ಅದಲ್ಲದೆ ಶಾಫ್ಟ್ ತಿರುಗಬೇಕಾದರೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಆದ್ದರಿಂದ ಸಮತಟ್ಟು ನೆಲ, ಉಳಿದ ಮೂರೂ ಚಕ್ರಕ್ಕೆ ಹಿಂದೆ-ಮುಂದೆ ಕಲ್ಲು, ಜಾಕಿಯ ಜೊತೆ ಸ್ಟ್ಯಾಂಡ್. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಹೈ-ಲೋ ಲಿವರನ್ನು ನಡುವಿನ ನ್ಯೂಟ್ರಲಿಗೆ ತನ್ನಿ, 4-ವೀಲ್ ಹೊರಗಿರಲಿ. ಟೈರಿಗೊಂದು, ಪ್ರೊಪೆಲ್ಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಹಾಕಿ.

ಎಲ್ಲರೂ ಎಡವುವ ಜಾಗ ಇದು. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಶಾಫ್ಟ್ ಎರಡೂವರೆ ಸುತ್ತಿನ ಹತ್ತಿರ ಬಂದು ನಿಲ್ಲುತ್ತದೆ. ಪುಸ್ತಕದಲ್ಲಿ ಟ್ರಾನ್ಸ್‌ಫರ್ ಕೇಸಿನ ಲೋ ರೇಶಿಯೋ 2.46 ಎಂದು ಇರುವುದರಿಂದ 'ಓ, ಇದು ಲೋ ಗೇರ್ ಲೆಕ್ಕ' ಎಂದು ತಲೆ ಕೆಡುತ್ತದೆ. ಇಲ್ಲಿ ಟ್ರಾನ್ಸ್‌ಫರ್ ಕೇಸಿಗೆ ಪಾತ್ರವೇ ಇಲ್ಲ. ಶಾಫ್ಟ್ ನೇರವಾಗಿ ಪಿನಿಯನ್ನಿಗೆ ಸೇರಿದೆ. ಅರ್ಧ ಬರಲು ಕಾರಣ ಡಿಫರೆನ್ಶಿಯಲ್, ಅಂದರೆ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು. ಕ್ರೌನಿನ ಸುತ್ತು ಎಂದರೆ ಎಡ-ಬಲ ಚಕ್ರಗಳ ಸುತ್ತಿನ ಸರಾಸರಿ. ಒಂದು ಚಕ್ರ ನೆಲದಲ್ಲಿ ನಿಂತಿದೆ, ಅದರದ್ದು ಸೊನ್ನೆ. ಎತ್ತಿದ್ದು ಒಂದು ಸುತ್ತಿದರೆ ಸರಾಸರಿ ಅರ್ಧ, ಎರಡು ಸುತ್ತಿದರೆ ಒಂದು. ಅಂದರೆ ಚಕ್ರ ಎರಡು ಸುತ್ತಿದಾಗ ಕ್ರೌನ್ ಒಂದು ಸುತ್ತು ಮುಗಿಸುತ್ತದೆ. ಆಗ ಶಾಫ್ಟ್ ಎಷ್ಟು ಸುತ್ತಿತೋ ಅದೇ ರೇಶಿಯೋ.

ಎರಡು ಸುತ್ತಿನ ಮೇಲೆ 4.88 ಮತ್ತು 5.38 ನಡುವೆ ಅರ್ಧ ಸುತ್ತಷ್ಟೇ ವ್ಯತ್ಯಾಸ. ಹಲ್ಲು ಸವೆದು ಆಟ ಬಂದ ಗಾಡಿಯಲ್ಲಿ ಕಣ್ಣು ಮೋಸ ಹೋಗುತ್ತದೆ. ಚಕ್ರವನ್ನು ಒಂದೇ ದಿಕ್ಕಿನಲ್ಲಿ 20 ಸುತ್ತು ತಿರುಗಿಸಿ, ಶಾಫ್ಟನ್ನು ಇನ್ನೊಬ್ಬರು ಎಣಿಸಲಿ. 53 ಮುಕ್ಕಾಲು ಬಂದರೆ 5.38, 48 ಮುಕ್ಕಾಲು ಬಂದರೆ 4.88, 42 ಮುಕ್ಕಾಲಿನ ಹತ್ತಿರ ಬಂದರೆ 4.27. ಇಷ್ಟು ಅಂತರವಿದ್ದರೆ ವಾದಕ್ಕೆ ಜಾಗ ಇರುವುದಿಲ್ಲ, ಮಾರುವವರ ಎದುರಿಗೇ ಎಣಿಸಿ. ಎರಡೂ ಚಕ್ರ ಎತ್ತಿ ಎಣಿಸಬೇಡಿ, ಆ ಕಡೆಯದು ಉಲ್ಟಾ ತಿರುಗಿ ಲೆಕ್ಕ ಹಾಳಾಗುತ್ತದೆ. ಒಂದು ಎತ್ತಿದರೂ ಚಕ್ರ ಅಲುಗಲೇ ಇಲ್ಲವೆಂದರೆ, ಬ್ರೇಕ್ ಕಚ್ಚಿಲ್ಲವೆಂದು ಖಾತ್ರಿಯಾದ ಮೇಲೆ, ಡಿಫರೆನ್ಶಿಯಲ್ ವೆಲ್ಡ್ ಮಾಡಿದ್ದಾರೆಂದೇ ಅನುಮಾನಿಸಿ.

ಮುಂದಿನದಕ್ಕೂ ಇದೇ ಕ್ರಮ, ಎರಡು ಬದಲಾವಣೆ. ಹಿಂದಿನ ಎರಡೂ ಚಕ್ರ ನೆಲದಲ್ಲಿರುವುದರಿಂದ ಹ್ಯಾಂಡ್‌ಬ್ರೇಕ್ ಹಾಕಬಹುದು. ಕಲ್ಲು ಮಾತ್ರ ತೆಗೆಯಬೇಡಿ. ಫ್ರೀ-ವೀಲ್ ಹಬ್ (ಮುಂದಿನ ಚಕ್ರವನ್ನು ಒಳಗಿನ ಶಾಫ್ಟಿನಿಂದ ಬಿಡಿಸುವ ಲಾಕು) ಇದ್ದರೆ ಎರಡೂ ಕಡೆ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಚಕ್ರವಷ್ಟೇ ಸುತ್ತುತ್ತದೆ.

ಟೈರಿನ ವ್ಯತ್ಯಾಸವೂ ಹೀಗೇ ಕಚ್ಚಿಸುತ್ತದೆ, ಆದರೆ ಅದು ಸಣ್ಣದು. ಹೊಸ ಟೈರು, ಬೋಳು ಟೈರು ನಡುವೆ 8 ಮಿ.ಮೀ. ಎತ್ತರ ಹೆಚ್ಚು-ಕಡಿಮೆಯಾದರೆ ಸುಮಾರು ಶೇ 2. ರೇಶಿಯೋ ತಪ್ಪಿದರೆ ಶೇ 9ಕ್ಕೂ ಮೇಲೆ.

ಓಡಿಸಿ ನೋಡುವುದು

ದಾವಣಗೆರೆ-ಚಿತ್ರದುರ್ಗ ಹೈವೇಯಲ್ಲಿ 4-ವೀಲ್ ಹಾಕಿ ನೋಡಿದರೆ ಏನೂ ತಿಳಿಯದು, ಹಾಳಾಗುವುದಷ್ಟೇ ಲಾಭ. ಈ ಗಾಡಿಗಳಿಗೆ ಮುಂದಿನ-ಹಿಂದಿನ ಹೌಸಿಂಗ್ ನಡುವೆ ಡಿಫರೆನ್ಶಿಯಲ್ ಇಲ್ಲ. ಹಾಗಾಗಿ ತಿರುವಿನಲ್ಲಿ ರೇಶಿಯೋ ಸರಿಯಿದ್ದರೂ ಕಚ್ಚುತ್ತದೆ. ಒಣಗಿದ ಕೆರೆಯಂಗಳ ಅಥವಾ ಬಂಡಿದಾರಿಯಲ್ಲಿ ನೇರವಾಗಿ 50 ಮೀಟರ್ ಹೋಗಿ, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಸಲೀಸಾಗಿ ಬಂದರೆ ಒಳ್ಳೆಯದು. ಹಸಿ ಎರೆಮಣ್ಣಿನಲ್ಲಿ ಎಂಥ ಜೋಡಿಯೂ ಜಾರಿಕೊಂಡು ಪಾಸಾಗುತ್ತದೆ, ಮಳೆ ಬಿದ್ದ ಮಾರನೇ ದಿನದ ಪರೀಕ್ಷೆಗೆ ಬೆಲೆಯಿಲ್ಲ. ಸ್ವಲ್ಪ ರಿವರ್ಸ್ ಹೋದರೆ ಲಿವರ್ ಬಿಡುವುದು ರೇಶಿಯೋ ಸರಿಯಿದ್ದರೂ ತಪ್ಪಿದ್ದರೂ ಆಗುವಂಥದ್ದೇ. ಅದರಿಂದ ತೀರ್ಮಾನಕ್ಕೆ ಬರಬೇಡಿ.

ಸರಿ ಮಾಡುವುದಾದರೆ

ಹಿಂದಿನದು ಎಂಜಿನ್ನಿಗೆ ಹೊಂದಿದ್ದರೆ ಮುಂದಿನದನ್ನೇ ಬದಲಿಸಿ. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಬರಬೇಕು. ಒಂದು ಸೆಟ್ಟಿನ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಹಲ್ಲಿನ ಸಂಖ್ಯೆ ಸರಿಯಿದ್ದರೂ ಅರಚುತ್ತದೆ, ಏಕೆಂದರೆ ಅವನ್ನು ಒಟ್ಟಿಗೇ ಉಜ್ಜಿ ಕೂರಿಸಿರುತ್ತಾರೆ. ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಆಟ, ಸರ್ವಿಸ್ ಪುಸ್ತಕದ ಮಿತಿಯೊಳಗೆ ತನ್ನಿ, ಹಲ್ಲಿಗೆ ಬಣ್ಣ ಸವರಿ ಅಚ್ಚು ನಡುವೆ ಬೀಳುತ್ತದೆಯೇ ನೋಡಿ. ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಇದರ ಜೊತೆಗೆ ಗೇರ್‌ಬಾಕ್ಸಿನ ಎಣ್ಣೆಯನ್ನೂ ಬದಲಿಸುವುದಾದರೆ ಜಿಎಲ್-4 ದರ್ಜೆಯ 90 ನಂಬರ್ ಎಣ್ಣೆ ಹಾಕಿ. ಕೆಲವು ಜಿಎಲ್-5 ಎಣ್ಣೆ ಸಿಂಕ್ರೋದ (ಗೇರ್ ಸಲೀಸಾಗಿ ಬೀಳಿಸುವ ಉಂಗುರದ) ಹಿತ್ತಾಳೆಯನ್ನು ತಿನ್ನುತ್ತದೆ.

ಕಾಗದ

ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಕೂತಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ (ವಾಹನದ ಮಾರ್ಪಾಡಿನ ಕುರಿತಾದದ್ದು) ತಕರಾರು ಗಾಡಿಯ ಜೊತೆಗೇ ಬರುತ್ತದೆ. ಜೊತೆಗೆ ಇಂಥ ಗಾಡಿಯಲ್ಲೇ ರೇಶಿಯೋ ಗೊಂದಲವೂ ಹೆಚ್ಚು. ಚಾಸಿ ನಂಬರನ್ನು ಪೆನ್ಸಿಲ್ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿ. ವರ್ಗಾವಣೆಗೆ ಫಾರಂ 29, 30. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. 'ವಿಂಟೇಜ್' ಎಂದು ದರ ಏರಿಸುವವರಿಗೆ 2021ರ ನಿಯಮ ತೋರಿಸಿ: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು. ಡೀಸೆಲ್ ಕೂರಿಸಿದ ಜೀಪು ಅಲ್ಲೇ ಹೊರಬೀಳುತ್ತದೆ. ಪಾಸಾಗಿ 'ವಿಎ' ಸರಣಿಯ ನಂಬರ್ ಸಿಕ್ಕರೂ ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ದಿನಾ ತೋಟಕ್ಕೆ ಓಡಿಸುವಂತಿಲ್ಲ.